ಓಡುವಾಗ ಪಾದ ಎಲ್ಲಿ ಬೀಳಬೇಕು?

ಪ್ರಶ್ನೆ: ನನಗೆ 43 ವರ್ಷ. ಮುಂಬೈಯ ಮಾಟುಂಗಾದಲ್ಲಿ ವಾಸ, ಫೋರ್ಟ್‌ನ ಬ್ಯಾಂಕೊಂದರಲ್ಲಿ ಉದ್ಯೋಗ. ಎರಡು ವರ್ಷಗಳಿಂದ ಬೆಳಗಿನ ಹೊತ್ತು ಫೈವ್ ಗಾರ್ಡನ್ಸ್ ಸುತ್ತ, ಭಾನುವಾರ ಮರೀನ್ ಡ್ರೈವ್‌ನಲ್ಲಿ, ವಾರಕ್ಕೆ ಸುಮಾರು 30 ಕಿ.ಮೀ. ಓಡುತ್ತೇನೆ. ಬಲಗಾಲಿನ ಮೊಣಕಾಲು ಚಿಪ್ಪಿನ ಸುತ್ತ ಆಗಾಗ ನೋವು ಬರುತ್ತಿತ್ತು. ನಮ್ಮ ಗುಂಪಿನ ಹಿರಿಯ ಓಟಗಾರರೊಬ್ಬರು ನನ್ನ ಓಟ ನೋಡಿ, "ನೀವು ಹಿಮ್ಮಡಿ ಊರಿ ಓಡುತ್ತೀರಿ, ಅದೇ ತಪ್ಪು, ಪಾದದ ಮುಂಭಾಗ ಊರಿ ಓಡಿ" ಎಂದರು. ಅದರಂತೆ ಅಭ್ಯಾಸ ಮಾಡಿ, ತೆಳು ತಳದ ಶೂಗಳನ್ನೂ ಕೊಂಡೆ. ಮೂರು ವಾರವಾಯಿತು. ಮೊಣಕಾಲು ನೋವು ಇಳಿದಿದೆ. ಆದರೆ ಬೆಳಿಗ್ಗೆ ಹಾಸಿಗೆಯಿಂದ ಇಳಿದ ಕೂಡಲೇ ಹಿಮ್ಮಡಿಯ ಮೇಲಿನ ನರ ಹಿಡಿದಂತಾಗುತ್ತದೆ, ಮೀನಖಂಡ ಬಿಗಿದಿರುತ್ತದೆ. ಹೀಗೆಯೇ ಮುಂದುವರಿಸಲೇ? ಸರಿಯಾದ ಹೆಜ್ಜೆ ಯಾವುದು? ಜನವರಿಯ ಮುಂಬೈ ಮ್ಯಾರಥಾನ್‌ನಲ್ಲಿ ಅರ್ಧ ಮ್ಯಾರಥಾನ್ ಓಡುವ ಆಸೆಯಿದೆ. ಇನ್ನು ನಾಲ್ಕು ತಿಂಗಳಿವೆ.

ಉತ್ತರ: ಈಗ ಓಡುತ್ತಿರುವ ರೀತಿಯಲ್ಲಿ ಮುಂದುವರಿಸಬೇಡಿ; ಹಾಗೆಂದು ಓಟವನ್ನು ಪೂರ್ತಿ ನಿಲ್ಲಿಸಬೇಕಾದ ಅಗತ್ಯವೂ ನೀವು ಬರೆದಿರುವ ಲಕ್ಷಣಗಳಿಂದ ಕಾಣುವುದಿಲ್ಲ. ಮೊಣಕಾಲಿನ ನೋವು ಇಳಿದದ್ದಕ್ಕೂ ಹಿಮ್ಮಡಿಯ ಮೇಲ್ಭಾಗ ಬಿಗಿಯತೊಡಗಿದ್ದಕ್ಕೂ ಕಾರಣ ಒಂದೇ. ಬ್ಯಾಂಕಿನವರಾದ ನಿಮಗೆ ನಿಮ್ಮ ಭಾಷೆಯಲ್ಲಿಯೇ ಹೇಳುವುದಾದರೆ, ಸಾಲ ತೀರಿಲ್ಲ, ಒಂದು ಖಾತೆಯಿಂದ ಇನ್ನೊಂದು ಖಾತೆಗೆ ವರ್ಗವಾಗಿದೆ.

ಓಡುವಾಗ ಪ್ರತಿ ಹೆಜ್ಜೆಯಲ್ಲಿಯೂ ನೆಲವು ನಮ್ಮ ದೇಹತೂಕದ ಎರಡರಿಂದ ಮೂರು ಪಟ್ಟು ಬಲದಿಂದ ಪಾದವನ್ನು ಹಿಂದಕ್ಕೆ ತಳ್ಳುತ್ತದೆ. ಪಾದ ನೆಲದ ಮೇಲಿರುವುದು ಹೆಚ್ಚುಕಡಿಮೆ ಕಾಲು ಸೆಕೆಂಡು ಮಾತ್ರ; ಅಷ್ಟರೊಳಗೆ ಈ ಭಾರವನ್ನು ಕಾಲಿನ ಯಾವುದಾದರೊಂದು ಭಾಗ ಹೊರಲೇಬೇಕು. ಹಿಮ್ಮಡಿ ಮೊದಲು ಊರಿದಾಗ ಅದರ ದೊಡ್ಡ ಪಾಲು ಮೊಣಕಾಲಿಗೂ ತೊಡೆಯ ಮುಂಭಾಗದ ಸ್ನಾಯುಗಳಿಗೂ ಹೋಗುತ್ತದೆ. ಪಾದದ ಮುಂಭಾಗ ಮೊದಲು ಊರಿದಾಗ ಹಿಮ್ಮಡಿ ಕೆಳಗಿಳಿಯುವುದನ್ನು ತಡೆಹಿಡಿಯುವ ಕೆಲಸ ಮೀನಖಂಡದ ಮೇಲೂ, ನೀವು ನರ ಎಂದು ಕರೆದಿರುವ ಅಕಿಲಿಸ್ ಸ್ನಾಯುರಜ್ಜುವಿನ ಮೇಲೂ ಬೀಳುತ್ತದೆ. ಆದ್ದರಿಂದಲೇ ಚಿಪ್ಪಿನ ಸುತ್ತ ನೋವಿರುವ ಕೆಲವರಿಗೆ ಮುಂಪಾದದ ಓಟದಿಂದ ನಿಜವಾಗಿಯೂ ಉಪಶಮನ ಸಿಗುತ್ತದೆ. ನಿಮ್ಮ ಗೆಳೆಯರ ಸಲಹೆ ಆ ಮಟ್ಟಿಗೆ ಆಧಾರವಿಲ್ಲದ್ದಲ್ಲ. ಆದರೆ ಸ್ನಾಯುಗಳು ಹೊಸ ಭಾರಕ್ಕೆ ಕೆಲವೇ ವಾರಗಳಲ್ಲಿ ಹೊಂದಿಕೊಂಡರೆ ಸ್ನಾಯುರಜ್ಜುವಿಗೆ ತಿಂಗಳುಗಳು ಬೇಕು. ಅರ್ಧ ಆಯುಷ್ಯವೆಲ್ಲ ಬೇರೆ ರೀತಿಯಲ್ಲಿ ದುಡಿದ ರಜ್ಜುವಿನ ಮೇಲೆ ವಾರಕ್ಕೆ 30 ಕಿ.ಮೀ.ಗಳ ಹೊರೆಯನ್ನು ಒಮ್ಮೆಲೇ ಹೇರಿದರೆ ಬೆಳಗಿನ ಬಿಗಿತವೇ ಅದರ ಮೊದಲ ದೂರು.

ಇನ್ನು ಹಿಮ್ಮಡಿ ಊರುವುದು ತಪ್ಪೇ ಎಂಬ ಪ್ರಶ್ನೆ. ಈ ನಂಬಿಕೆ ಬಲವಾಗಿ ಹರಡಿದ್ದು 2010ರಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಲೀಬರ್ಮನ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ನಂತರ. ಬಾಲ್ಯದಿಂದ ಬರಿಗಾಲಲ್ಲಿ ಓಡಿದವರು ಹೆಚ್ಚಾಗಿ ಮುಂಪಾದ ಊರುತ್ತಾರೆ, ಹಾಗಾಗಿ ನೆಲ ತಾಗಿದ ಕ್ಷಣದಲ್ಲಿ ಏಳುವ ಹಠಾತ್ ಆಘಾತ ಅವರಲ್ಲಿ ಬಹಳ ಕಡಿಮೆ ಎಂದು ಅದು ತೋರಿಸಿತು. ಮುಂಪಾದದವರಿಗೆ ಗಾಯಗಳೇ ಆಗುವುದಿಲ್ಲ ಎಂದು ಅದು ಸಾಧಿಸಲಿಲ್ಲ; ಓದಿದವರು ಹಾಗೆ ಓದಿಕೊಂಡರು. ಸ್ಪರ್ಧೆಯ ರಸ್ತೆಯಲ್ಲಿ ಕಾಣುವ ಚಿತ್ರ ಬೇರೆ. ಜಪಾನಿನ ಸಪ್ಪೊರೊದಲ್ಲಿ ನಡೆದ ಅಂತರರಾಷ್ಟ್ರೀಯ ಅರ್ಧ ಮ್ಯಾರಥಾನ್ ಒಂದರ 15ನೇ ಕಿ.ಮೀ. ಬಳಿ ಕ್ಯಾಮೆರಾ ಇಟ್ಟು ಮಾಡಿದ, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 75ರಷ್ಟು ಓಟಗಾರರು ಹಿಮ್ಮಡಿಯನ್ನೇ ಮೊದಲು ಊರುತ್ತಿದ್ದರು. ನಿಜವಾಗಿ ಮುಂಪಾದ ಊರುತ್ತಿದ್ದವರು ನೂರಕ್ಕೆ ಇಬ್ಬರೂ ಇರಲಿಲ್ಲ. ವೇಗದ ಓಟಗಾರರಲ್ಲಿ ಪಾದದ ಮಧ್ಯಭಾಗ ಊರುವವರ ಪಾಲು ಸ್ವಲ್ಪ ಹೆಚ್ಚಿತ್ತು ಎಂಬುದನ್ನೂ ಮುಚ್ಚಿಡಬಾರದು. 2017ರ ಲಂಡನ್ ವಿಶ್ವ ಚಾಂಪಿಯನ್‌ಷಿಪ್‌ನ ಮ್ಯಾರಥಾನ್‌ನಲ್ಲಿಯೂ, ಪುರುಷರಲ್ಲಿ ಮತ್ತು ಮಹಿಳೆಯರಲ್ಲಿ, ಹೆಚ್ಚಿನವರು ಹಿಮ್ಮಡಿಯವರೇ. ಜಗತ್ತಿನ ಅತಿ ಶ್ರೇಷ್ಠ ಓಟಗಾರರಲ್ಲಿ ಅರ್ಧಕ್ಕೂ ಹೆಚ್ಚು ಜನ ಮಾಡುವುದನ್ನು ದೋಷವೆಂದು ಕರೆಯಲು ನನಗೆ ಧೈರ್ಯ ಬರುವುದಿಲ್ಲ.

ಮುಂಪಾದದ ಓಟದಿಂದ ಶಕ್ತಿ ಉಳಿಯುತ್ತದೆ ಎಂಬ ಮಾತಿಗೂ ಪ್ರಯೋಗಾಲಯದಲ್ಲಿ ಬೆಂಬಲ ಸಿಕ್ಕಿಲ್ಲ. ಹಿಮ್ಮಡಿಯವರನ್ನು ಮುಂಪಾದಕ್ಕೆ ಬದಲಿಸಿ ಅವರು ಬಳಸುವ ಆಮ್ಲಜನಕವನ್ನು ಅಳೆದಾಗ, ಸಾಧಾರಣ ವೇಗಗಳಲ್ಲಿ ಅದು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. 1982ರಲ್ಲಿಯೇ ಕವನಾ ಮತ್ತು ವಿಲಿಯಮ್ಸ್ ಎಂಬ ಸಂಶೋಧಕರು, ಅನುಭವಿ ಓಟಗಾರರು ತಾವಾಗಿಯೇ ಆರಿಸಿಕೊಂಡಿರುವ ಹೆಜ್ಜೆಯ ಉದ್ದವು ಅವರ ದೇಹಕ್ಕೆ ಅತಿ ಮಿತವ್ಯಯದ ಉದ್ದಕ್ಕೆ ಬಹಳ ಹತ್ತಿರದಲ್ಲಿರುತ್ತದೆ ಎಂದು ತೋರಿಸಿದ್ದರು. ಬರಿಗಾಲಿನ ಪಕ್ಷದವರು 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದ ಅಬೆಬೆ ಬಿಕಿಲಾ ಅವರನ್ನು ಮೇಲಿಂದ ಮೇಲೆ ಮುಂದಿಡುತ್ತಾರೆ. ಅದೇ ಬಿಕಿಲಾ 1964ರಲ್ಲಿ ಟೋಕಿಯೊದಲ್ಲಿ ಶೂ ಧರಿಸಿ, ಮೂರು ನಿಮಿಷ ಬೇಗ ಓಡಿ ಮತ್ತೆ ಚಿನ್ನ ಗೆದ್ದದ್ದನ್ನು ಹೇಳುವವರು ಕಡಿಮೆ.

ಹಾಗಾದರೆ ನೋಡಬೇಕಾದದ್ದು ಯಾವುದು? ಪಾದದ ಯಾವ ಭಾಗ ಮೊದಲು ತಾಗಿತು ಎಂಬುದಕ್ಕಿಂತ, ಪಾದವು ದೇಹದಿಂದ ಎಷ್ಟು ಮುಂದೆ ತಾಗಿತು ಎಂಬುದು ಹೆಚ್ಚು ಮುಖ್ಯ. ಕಾಲನ್ನು ಚಾಚಿ, ಮೊಣಕಾಲು ಬಹುತೇಕ ನೆಟ್ಟಗಿರುವಾಗ, ಸೊಂಟಕ್ಕಿಂತ ಬಹಳ ಮುಂದೆ ಪಾದ ಊರಿದರೆ ನೆಲದ ಪ್ರತಿಬಲ ಹಿಂಬದಿಗೆ ವಾಲುತ್ತದೆ, ಅಂದರೆ ಪ್ರತಿ ಹೆಜ್ಜೆಗೂ ನೀವೇ ಬ್ರೇಕ್ ಹಾಕಿಕೊಂಡು, ಕಳೆದುಕೊಂಡ ವೇಗವನ್ನು ಮರುಕ್ಷಣವೇ ಮತ್ತೆ ಗಳಿಸಬೇಕಾಗುತ್ತದೆ. ಸಮವೇಗದ ಓಟದಲ್ಲಿ ಪಾದವು ಸ್ವಲ್ಪ ಮುಂದೆ ಬಿದ್ದೇ ಬೀಳುತ್ತದೆ. 'ಪಾದ ಸರಿಯಾಗಿ ಸೊಂಟದ ಕೆಳಗೇ ಊರಬೇಕು' ಎಂಬ ಬೋಧನೆ ಅಕ್ಷರಶಃ ಸಾಧ್ಯವಾಗುವಂಥದ್ದಲ್ಲ. ಅತಿಯಾಗಿ ಚಾಚುವುದಷ್ಟೇ ತೊಂದರೆ. ಹಿಮ್ಮಡಿ ಊರುವವರಲ್ಲಿ ಈ ಚಾಚು ಹೆಚ್ಚಾಗಿ ಕಾಣುವುದರಿಂದ ಅಪವಾದವೆಲ್ಲ ಹಿಮ್ಮಡಿಯ ತಲೆಗೆ ಬಂದಿದೆ.

ಇದರಿಂದ ಇನ್ನೊಂದು ವಿಷಯ ಹೊರಡುತ್ತದೆ, ಮತ್ತು ನಿಮ್ಮ ಪ್ರಕರಣದಲ್ಲಿ ಇದೇ ನಡೆದಿರಬಹುದೆಂಬ ಅನುಮಾನ ನನ್ನದು. 'ಮುಂಪಾದ ಊರಿ' ಎಂದೊಡನೆ ಹೆಚ್ಚಿನವರು ಹೆಜ್ಜೆಯ ಉದ್ದವನ್ನು ಹಾಗೆಯೇ ಇಟ್ಟುಕೊಂಡು, ಪಾದವನ್ನು ಮಾತ್ರ ನೃತ್ಯಗಾರರಂತೆ ಕೆಳಮುಖವಾಗಿ ಚೂಪು ಮಾಡಿ ದೂರದ ನೆಲವನ್ನು ಬೆರಳಿನಿಂದ ಮುಟ್ಟುತ್ತಾರೆ. ಬ್ರೇಕ್ ಹಾಗೆಯೇ ಉಳಿಯುತ್ತದೆ. ಅದನ್ನು ಹಿಡಿಯುವ ಕೆಲಸ ಮಾತ್ರ ಮೀನಖಂಡದ ಪಾಲಾಗುತ್ತದೆ. ಇದು ಎರಡೂ ವಿಧಾನಗಳ ಕೆಡುಕನ್ನು ಒಟ್ಟುಗೂಡಿಸಿದ ಓಟ.

ನೀವು ಏನು ಮಾಡುತ್ತಿದ್ದೀರಿ ಎಂದು ತಿಳಿಯಲು ದುಬಾರಿ ಪರೀಕ್ಷೆ ಬೇಕಿಲ್ಲ. ಮರೀನ್ ಡ್ರೈವ್‌ನ ಸಮತಟ್ಟಾದ ಪಾದಚಾರಿ ಹಾದಿಯಲ್ಲಿ ಹತ್ತು ನಿಮಿಷ ಓಡಿ ಮೈ ಹದವಾದ ಮೇಲೆ, ಗೆಳೆಯರೊಬ್ಬರು ನಾಲ್ಕೈದು ಮೀಟರ್ ಬದಿಯಲ್ಲಿ ಕುಳಿತು, ಮೊಬೈಲನ್ನು ನಿಮ್ಮ ಮೊಣಕಾಲಿನ ಎತ್ತರದಲ್ಲಿ ಹಿಡಿದು ಸ್ಲೋ ಮೋಷನ್‌ನಲ್ಲಿ ಚಿತ್ರಿಸಲಿ. ಕ್ಯಾಮೆರಾ ಕಂಡೊಡನೆ ಎಲ್ಲರೂ ಚೆನ್ನಾಗಿ ಓಡತೊಡಗುವುದರಿಂದ ಮೂರು ನಾಲ್ಕು ಬಾರಿ ಹಾದುಹೋಗಿ, ಕೊನೆಯದನ್ನು ನೋಡಿ. ಓಟದ ಕೊನೆಗೆ, ಸುಸ್ತಾದಾಗ, ಇನ್ನೊಮ್ಮೆ ಚಿತ್ರಿಸಿಕೊಳ್ಳಿ. ಶೂ ನೆಲ ತಾಗಿದ ಮೊದಲ ಚೌಕಟ್ಟಿನಲ್ಲಿ ದೃಶ್ಯವನ್ನು ನಿಲ್ಲಿಸಿ, ಪಾದದ ಕೀಲಿನಿಂದ ಮೊಣಕಾಲಿಗೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಗೆರೆ ಹೆಚ್ಚುಕಡಿಮೆ ಲಂಬವಾಗಿದ್ದು ಮೊಣಕಾಲು ಸ್ವಲ್ಪ ಮಡಿಚಿದ್ದರೆ, ಮೊದಲು ತಾಗಿದ್ದು ಹಿಮ್ಮಡಿಯೇ ಆಗಿದ್ದರೂ ನಾನು ಅದನ್ನು ತಿದ್ದಲು ಹೋಗುವುದಿಲ್ಲ. ಪಾದವು ಮೊಣಕಾಲಿಗಿಂತ ಸ್ಪಷ್ಟವಾಗಿ ಮುಂದಿದ್ದು, ಶೂವಿನ ತುದಿ ಆಕಾಶ ನೋಡುತ್ತಿದ್ದರೆ ಅದು ಚಾಚು ಹೆಜ್ಜೆ. ಇದೇ ವೇಳೆ ಹಿಂದಿನಿಂದಲೂ ಒಂದು ಚಿತ್ರಣ ತೆಗೆಸಿ: ಒಂದು ಕಾಲಿನ ಮೇಲೆ ಭಾರ ಬಿದ್ದಾಗ ಸೊಂಟದ ಇನ್ನೊಂದು ಬದಿ ಕುಸಿಯುತ್ತಿದ್ದರೆ, ಮೊಣಕಾಲು ಒಳಮುಖವಾಗಿ ವಾಲುತ್ತಿದ್ದರೆ, ನಿಮ್ಮ ಹಳೆಯ ಚಿಪ್ಪಿನ ನೋವಿಗೆ ಪಾದಕ್ಕಿಂತ ಸೊಂಟದ ದುರ್ಬಲ ಸ್ನಾಯುಗಳೇ ಹೆಚ್ಚಿನ ಹೊಣೆ ಇರಬಹುದು. ಶೂವಿನ ತಳ ಹಿಂಬದಿಯ ಹೊರ ಅಂಚಿನಲ್ಲಿ ಸವೆದಿರುವುದನ್ನು ಮಾತ್ರ ಪುರಾವೆಯಾಗಿ ತೆಗೆದುಕೊಳ್ಳಬೇಡಿ. ಅದು ಬಹುತೇಕ ಎಲ್ಲರ ಶೂಗಳಲ್ಲೂ ಸಹಜ.

ಚಾಚು ಕಂಡುಬಂದರೆ ಅದನ್ನು ಕಡಿಮೆ ಮಾಡುವ ಅತ್ಯಂತ ಸುರಕ್ಷಿತ ದಾರಿ ನಿಮಿಷಕ್ಕೆ ಇಡುವ ಹೆಜ್ಜೆಗಳ ಸಂಖ್ಯೆಯನ್ನು, ಓಟಗಾರರು ಕೇಡೆನ್ಸ್ ಎನ್ನುವುದನ್ನು, ತುಸು ಏರಿಸುವುದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬ್ರಯನ್ ಹೈಡರ್ಷೈಟ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೇಗ ಬದಲಿಸದೆ ಹೆಜ್ಜೆಗಳ ಸಂಖ್ಯೆಯನ್ನು ಶೇ. 5ರಷ್ಟು ಏರಿಸಿದರೇ ಮೊಣಕಾಲು ಹೀರಬೇಕಾದ ಶಕ್ತಿ ಗಮನಾರ್ಹವಾಗಿ ತಗ್ಗಿತ್ತು, ಶೇ. 10ರಷ್ಟು ಏರಿಸಿದಾಗ ಸೊಂಟದ ಕೀಲಿಗೂ ಲಾಭವಿತ್ತು. ಲೆಕ್ಕ ಸುಲಭ. ಅರ್ಧ ನಿಮಿಷದಲ್ಲಿ ಬಲಗಾಲು ಎಷ್ಟು ಸಲ ನೆಲ ತಾಗಿತೆಂದು ಎಣಿಸಿ ನಾಲ್ಕರಿಂದ ಗುಣಿಸಿ. ನೀವು ಕಿ.ಮೀ.ಗೆ ಆರೂವರೆ ನಿಮಿಷದ ವೇಗದಲ್ಲಿ ಓಡುತ್ತೀರಿ, ಹೆಜ್ಜೆಗಳು ನಿಮಿಷಕ್ಕೆ 160 ಎಂದುಕೊಳ್ಳೋಣ: ನಿಮಿಷಕ್ಕೆ 154 ಮೀಟರ್, ಹೆಜ್ಜೆಗೆ 96 ಸೆಂ.ಮೀ. ಅದೇ ವೇಗದಲ್ಲಿ 168 ಹೆಜ್ಜೆ ಇಟ್ಟರೆ ಹೆಜ್ಜೆಯ ಉದ್ದ ಸುಮಾರು 92 ಸೆಂ.ಮೀ.ಗೆ ಇಳಿಯುತ್ತದೆ. ನಾಲ್ಕು ಸೆಂಟಿಮೀಟರ್, ಎರಡು ಬೆರಳಿನ ಅಗಲವಷ್ಟೇ! ಆದರೆ ಅರ್ಧ ಮ್ಯಾರಥಾನ್‌ನಲ್ಲಿ ನೀವು ಇಡುವ ಹೆಜ್ಜೆಗಳು ಸುಮಾರು ಇಪ್ಪತ್ತೆರಡು ಸಾವಿರ.

ಇಲ್ಲಿ 180 ಎಂಬ ಸಂಖ್ಯೆಯ ಬಗ್ಗೆ ಒಂದು ಮಾತು, ಏಕೆಂದರೆ ಅದು ನಿಮ್ಮ ಗುಂಪಿನಲ್ಲಿಯೂ ಕೇಳಿಬರದೆ ಇರದು. ತರಬೇತುದಾರ ಜಾಕ್ ಡೇನಿಯಲ್ಸ್ 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಓಟಗಾರರ ಹೆಜ್ಜೆಗಳನ್ನು ಎಣಿಸಿ, ಒಬ್ಬರನ್ನು ಬಿಟ್ಟರೆ ಉಳಿದವರೆಲ್ಲರದೂ ನಿಮಿಷಕ್ಕೆ 180 ಅಥವಾ ಅದಕ್ಕಿಂತ ಹೆಚ್ಚಿತ್ತೆಂದು ಗಮನಿಸಿದರು. ಅವರು ಒಲಿಂಪಿಕ್ ವೇಗದಲ್ಲಿ ಓಡುತ್ತಿದ್ದವರು. ಹೆಜ್ಜೆಗಳ ಸಂಖ್ಯೆ ವೇಗದೊಂದಿಗೆ ಏರುತ್ತದೆ, ಕಾಲಿನ ಉದ್ದಕ್ಕೆ ತಕ್ಕಂತೆ ಬದಲಾಗುತ್ತದೆ. ಆರೂವರೆ ನಿಮಿಷದ ವೇಗದಲ್ಲಿ 180ನ್ನು ಹಿಡಿಯಹೊರಟರೆ ಉಸಿರು ವ್ಯರ್ಥವಾಗುತ್ತದೆ, ಜೊತೆಗೆ ಮೀನಖಂಡಕ್ಕೆ ಮತ್ತೆ ಹೊರೆ. ನಿಮ್ಮ ಇಂದಿನ ಸಂಖ್ಯೆಯ ಮೇಲೆ ಶೇ. 5 ಸಾಕು.

ಅಭ್ಯಾಸಕ್ಕೆ ಮೊಬೈಲಿನಲ್ಲಿ, ಸಮನಾದ ತಾಳದ ಸದ್ದು ಮಾಡುವ ಮೆಟ್ರೊನೋಮ್ ಆ್ಯಪ್ ಹಾಕಿಕೊಂಡು, ನಿಧಾನ ಓಟದ ನಡುವೆ ಒಂದು ನಿಮಿಷ ತಾಳಕ್ಕೆ ಹೆಜ್ಜೆ ಹೊಂದಿಸಿ, ಎರಡು ನಿಮಿಷ ಸುಮ್ಮನೆ ಓಡಿ. ಎಲ್ಲರಿಗೂ ಎದುರಾಗುವ ತೊಡಕು, ಹೆಜ್ಜೆ ಚುರುಕಾದಂತೆ ವೇಗವೂ ಏರಿಬಿಡುವುದು; ಗಡಿಯಾರ ನೋಡಿ ವೇಗವನ್ನು ಹಿಡಿದಿಡಿ. ಮೂರನೆಯ ವಾರದಿಂದ ತಾಳದ ಅವಧಿಯನ್ನು ಹೆಚ್ಚಿಸಿ, ನಂತರ ಸದ್ದನ್ನು ಆರಿಸಿಯೂ ಹೆಜ್ಜೆ ಉಳಿಯುತ್ತದೆಯೇ ಎಂದು ಪರೀಕ್ಷಿಸಿ. ಪಾದದ ಬಗ್ಗೆ ಯೋಚಿಸುವುದನ್ನು ಮಾತ್ರ ಬಿಡಿ. ಮನಸ್ಸಿಗೆ ಏನಾದರೊಂದು ಸೂಚನೆ ಬೇಕೇ ಬೇಕೆಂದರೆ, ಹೆಜ್ಜೆಯ ಸಪ್ಪಳವನ್ನು ಕಡಿಮೆ ಮಾಡಲು ಯತ್ನಿಸಿ. ಬೆಳಗಿನ ಐದೂವರೆಗೆ ಫೈವ್ ಗಾರ್ಡನ್ಸ್‌ನಲ್ಲಿ ನಿಮ್ಮ ಹೆಜ್ಜೆ ನಿಮಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಮುಂದಕ್ಕೆ ಬಾಗಿ ಓಡಿ ಎಂಬ ಸಲಹೆಯನ್ನು ನಾನು ಸಾಮಾನ್ಯವಾಗಿ ಕೊಡುವುದಿಲ್ಲ, ಏಕೆಂದರೆ ಕೇಳಿದ ಹತ್ತರಲ್ಲಿ ಒಂಬತ್ತು ಜನ ಸೊಂಟದಿಂದ ಬಾಗುತ್ತಾರೆ.

ಆದರೆ ಇದೆಲ್ಲ ಅಕಿಲಿಸ್ ಶಾಂತವಾದ ಮೇಲಿನ ಮಾತು. ಮೊದಲು ಹಳೆಯ, ದಪ್ಪ ಹಿಮ್ಮಡಿಯ ಶೂಗಳಿಗೆ ಮರಳಿ. ಹಿಮ್ಮಡಿ ತುಸು ಎತ್ತರದಲ್ಲಿದ್ದರೆ ರಜ್ಜುವಿನ ಮೇಲಿನ ಎಳೆತ ತಾನಾಗಿಯೇ ತಗ್ಗುತ್ತದೆ. ಎರಡು ವಾರ ಓಟವನ್ನು ಅರ್ಧಕ್ಕೆ ಇಳಿಸಿ, ಸಮತಟ್ಟಾದ ನೆಲದಲ್ಲಿ, ಮಾತನಾಡುತ್ತ ಓಡಬಹುದಾದ ವೇಗದಲ್ಲಿ, ನಿಮ್ಮ ಹಳೆಯ ಹೆಜ್ಜೆಯಲ್ಲಿಯೇ ಓಡಿ. ನಂತರ ರಜ್ಜುವನ್ನು ಎರಡು ಬೆರಳುಗಳಿಂದ ಮೇಲಿನಿಂದ ಕೆಳಗೆ ಹಿಸುಕುತ್ತ ಬಂದು ನೋವು ಎಲ್ಲಿದೆ ಎಂದು ಗುರುತಿಸಿ. ಹಿಮ್ಮಡಿ ಎಲುಬಿನಿಂದ ಎರಡರಿಂದ ಆರು ಸೆಂ.ಮೀ. ಮೇಲೆ ನೋವಿದ್ದರೆ, ಮೆಟ್ಟಿಲಿನ ಅಂಚಿನಲ್ಲಿ ಮುಂಪಾದದ ಮೇಲೆ ನಿಂತು, ಮೂರು ಎಣಿಸುವಷ್ಟು ನಿಧಾನವಾಗಿ ಹಿಮ್ಮಡಿ ಎತ್ತಿ, ಅಷ್ಟೇ ನಿಧಾನವಾಗಿ ಅಂಚಿಗಿಂತ ಕೆಳಗೆ ಇಳಿಸಿ. ರಜ್ಜು ಎಲುಬಿಗೆ ಸೇರುವ ಜಾಗದಲ್ಲಿಯೇ ನೋವಿದ್ದರೆ ಇದನ್ನು ಸಮನೆಲದಲ್ಲಿ ಮಾಡಿ, ಅಂಚಿನಿಂದ ಕೆಳಗಿಳಿಸಬೇಡಿ. ಹಾಗೆ ಎಳೆದರೆ ಆ ಭಾಗ ಎಲುಬಿಗೆ ಒತ್ತಿ ಇನ್ನಷ್ಟು ಕೆರಳುತ್ತದೆ. ಮೊಣಕಾಲು ನೇರವಾಗಿಟ್ಟು ಹದಿನೈದರಂತೆ ಮೂರು ಸುತ್ತು, ಮಡಿಚಿ ಮೂರು ಸುತ್ತು, ದಿನ ಬಿಟ್ಟು ದಿನ. ಮೊದಲು ಎರಡೂ ಕಾಲಿನಲ್ಲಿ, ಸುಲಭವೆನಿಸಿದ ಮೇಲೆ ಒಂದೇ ಕಾಲಿನಲ್ಲಿ, ಆಮೇಲೆ ಬೆನ್ನಿಗೆ ಭಾರದ ಚೀಲ ಹಾಕಿಕೊಂಡು. 1998ರಲ್ಲಿ ಸ್ವೀಡನ್ನಿನ ಹೋಕನ್ ಆಲ್‌ಫ್ರೆಡ್‌ಸನ್ ರೂಪಿಸಿದ ಪ್ರಸಿದ್ಧ ಕ್ರಮದಲ್ಲಿ ದಿನಕ್ಕೆ ಎರಡು ಬಾರಿ, 12 ವಾರ ಮಾಡಿಸುತ್ತಿದ್ದರು. ಕಚೇರಿ, ಲೋಕಲ್ ರೈಲು, ಮನೆ ಎಂದು ಓಡಾಡುವವರು ಅಷ್ಟನ್ನು ಮೂರನೆಯ ವಾರಕ್ಕೇ ಕೈಬಿಡುವುದರಿಂದ, ನಿಧಾನವಾಗಿ, ಭಾರ ಹೆಚ್ಚಿಸುತ್ತ, ಕಡಿಮೆ ಬಾರಿ ಮಾಡುವುದನ್ನೇ ನಾನು ಹೇಳುತ್ತೇನೆ. 12 ವಾರ ಎಂಬ ಅವಧಿಯಲ್ಲಿ ಮಾತ್ರ ರಿಯಾಯಿತಿ ಇಲ್ಲ. ಮಾಡುವಾಗ ಹತ್ತರಲ್ಲಿ ಮೂರರಷ್ಟು ನೋವು ಇರಬಹುದು; ಮರುದಿನ ಬೆಳಗಿನ ಬಿಗಿತ ಹೆಚ್ಚಿರಬಾರದು.

ಹೊಟ್ಟೆ ಕೆಟ್ಟಾಗ ಅಥವಾ ಮೂತ್ರದ ಸೋಂಕಿಗೆಂದು ನಮ್ಮಲ್ಲಿ ಧಾರಾಳವಾಗಿ ಬಳಕೆಯಾಗುವ ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಮುಂತಾದ ಔಷಧಗಳು ಅಕಿಲಿಸ್ ರಜ್ಜುವಿನ ಉರಿಯೂತದ ಹಾಗೂ ಅದು ಹರಿದುಹೋಗುವ ಅಪಾಯವನ್ನು ಹೆಚ್ಚಿಸುತ್ತವೆ. ಇತ್ತೀಚೆಗೆ ಅಂಥದ್ದೇನಾದರೂ ತೆಗೆದುಕೊಂಡಿದ್ದರೆ ಓಟ ನಿಲ್ಲಿಸಿ, ಔಷಧ ಬರೆದ ವೈದ್ಯರಿಗೆ ಈ ಬಿಗಿತದ ಬಗ್ಗೆ ತಿಳಿಸಿ.

ತೆಳು ತಳದ ಶೂಗಳನ್ನು ಎಸೆಯಬೇಕಿಲ್ಲ. ನೋವು ಪೂರ್ತಿ ಹೋದ ಮೇಲೆ ಅವನ್ನು ನಡೆಯಲು ಬಳಸಿ. 2013ರಲ್ಲಿ ಸಾರಾ ರಿಡ್ಜ್ ಮತ್ತು ಸಂಗಡಿಗರು, ಹತ್ತು ವಾರಗಳಲ್ಲಿ ಕ್ರಮೇಣ ತೆಳು ಶೂಗಳಿಗೆ ಬದಲಾಯಿಸಿಕೊಂಡ ಅನುಭವಿ ಓಟಗಾರರ ಪಾದಗಳನ್ನು ಎಂ.ಆರ್.ಐ. ಮಾಡಿದಾಗ, ಅರ್ಧಕ್ಕೂ ಹೆಚ್ಚು ಜನರ ಪಾದದ ಎಲುಬುಗಳಲ್ಲಿ ಒತ್ತಡದ ಗುರುತಾದ ಊತ ಕಂಡುಬಂದಿತ್ತು. ಹತ್ತು ವಾರವೇ ಸಾಲದಾದಲ್ಲಿ ನೀವು ಮೂರೇ ವಾರ ಕೊಟ್ಟಿದ್ದೀರಿ.

ನೆಲದ ವಿಷಯದಲ್ಲಿ ಮುಂಬೈ ನಮಗೆ ಹೆಚ್ಚು ಆಯ್ಕೆ ಕೊಡುವುದಿಲ್ಲ. ಫೈವ್ ಗಾರ್ಡನ್ಸ್‌ನಲ್ಲಿ ಯಾವಾಗಲೂ ಒಂದೇ ದಿಕ್ಕಿನಲ್ಲಿ ಸುತ್ತುವ ಅಭ್ಯಾಸವಿದ್ದರೆ ದಿನ ಬಿಟ್ಟು ದಿನ ದಿಕ್ಕು ಬದಲಿಸಿ. ಅಂಚಿಗೆ ಇಳಿಜಾರಾಗಿರುವ ರಸ್ತೆಯಲ್ಲಿ ಒಂದೇ ಕಾಲು ಸದಾ ತಗ್ಗಿನಲ್ಲಿ ಬೀಳುತ್ತದೆ, ನಿಮ್ಮ ನೋವು ಬಲಗಾಲಿಗೇ ಮೀಸಲಾಗಿದ್ದುದಕ್ಕೆ ಇದೂ ಕಾರಣವಿರಬಹುದು. ಮಳೆಗಾಲ ಮುಗಿಯುವವರೆಗೆ ಪಾಚಿ ಹಿಡಿದ ಪೇವರ್ ಬ್ಲಾಕ್‌ಗಳ ಮೇಲೆ ಹೊಸ ಹೆಜ್ಜೆಯ ಅಭ್ಯಾಸ ಬೇಡ. ಜುಹೂವಿನ ಮರಳು ಮೃದುವಾಗಿದೆಯೆಂದು ಅಲ್ಲಿಗೂ ಹೋಗಬೇಡಿ: ಹಿಮ್ಮಡಿ ಮರಳಿನಲ್ಲಿ ಹೂತು ರಜ್ಜು ಮತ್ತಷ್ಟು ಎಳೆಯಲ್ಪಡುತ್ತದೆ. ಪೆಡ್ಡರ್ ರೋಡಿನ ಏರಿನಲ್ಲಿ ಎಲ್ಲರ ಪಾದವೂ ಸಹಜವಾಗಿ ಮುಂಭಾಗದ ಮೇಲೆ ಬೀಳುತ್ತದೆ, ಆದ್ದರಿಂದ ಏರಿನ ಅಭ್ಯಾಸವನ್ನು ಕೊನೆಗೆ ಉಳಿಸಿಕೊಳ್ಳಿ. ಇಳಿಯುವಾಗ ಚಾಚು ಹೆಚ್ಚುವುದರಿಂದ ಹೆಜ್ಜೆಯನ್ನು ಚಿಕ್ಕದು ಮಾಡಿ, ಚುರುಕಾಗಿಡಿ.

ರಜ್ಜು ಊದಿ ದಪ್ಪವಾದರೆ, ಪಾದದ ಮೇಲ್ಭಾಗದಲ್ಲಿ ಬೆರಳ ತುದಿಯಿಂದ ತೋರಿಸಬಹುದಾದಷ್ಟು ಖಚಿತ ಜಾಗದಲ್ಲಿ ಎಲುಬು ನೋಯತೊಡಗಿದರೆ, ಅಥವಾ ನೋವು ರಾತ್ರಿ ನಿದ್ದೆಗೆಡಿಸಿದರೆ ಓಟ ನಿಲ್ಲಿಸಿ ಮೂಳೆ ತಜ್ಞರನ್ನು ಕಾಣಬೇಕು. ಹಿಂದಿನಿಂದ ಯಾರೋ ಒದ್ದಂತಾಗಿ 'ಟಪ್' ಎಂದು ಸದ್ದಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಜನವರಿಯ ಓಟದ ನಿರ್ಧಾರವನ್ನು ನವೆಂಬರ್ ಮಧ್ಯದವರೆಗೆ ಮುಂದೂಡಿ. ಆ ಹೊತ್ತಿಗೆ 12 ಕಿ.ಮೀ. ಓಡಿದ ಮರುದಿನ ಬೆಳಗಿನ ಬಿಗಿತ ಐದು ನಿಮಿಷದೊಳಗೆ ಬಿಡುತ್ತಿದ್ದರೆ ಅರ್ಧ ಮ್ಯಾರಥಾನ್‌ಗೆ ತಯಾರಾಗಲು ಅಡ್ಡಿಯಿಲ್ಲ. ಭಾನುವಾರದ ದೂರವನ್ನು ವಾರಕ್ಕೆ ಒಂದೂವರೆ ಕಿ.ಮೀ.ಗಿಂತ ಹೆಚ್ಚು ಏರಿಸದೆ, ಪ್ರತಿ ನಾಲ್ಕನೆಯ ವಾರ ಇಳಿಸುತ್ತ ಹೋಗಿ. ಬಿಗಿತ ಉಳಿದಿದ್ದರೆ ಈ ವರ್ಷ 10 ಕಿ.ಮೀ. ವಿಭಾಗದಲ್ಲಿ ಓಡಿ. ಎರಡರಲ್ಲಿ ಯಾವುದೇ ಆದರೂ ಡಿಸೆಂಬರ್ ಕೊನೆಯ ವಾರದಿಂದ ಮೆಟ್ರೊನೋಮ್ ಬಂದ್ ಮಾಡಿ, ಆಗ ಕಾಲಿಗೆ ಯಾವ ಹೆಜ್ಜೆ ರೂಢಿಯಾಗಿರುತ್ತದೆಯೋ ಅದರಲ್ಲಿಯೇ ಓಡಿ.